ಜಗಲಿ ಮೇಲಿನ ಗೊಣಗಾಟ ಬಿಟ್ಟ ಬಗೆ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಲ್ಲಿ ನಮ್ಮದು ಮೂರು ಎಕರೆ ತೆಂಗಿನ ತೋಟ. ಭಾನುವಾರ ಉಪದೇಶಿಯಾಗಿ ಮಕ್ಕಳಿಗೆ ಜಪ, ಬೈಬಲ್ ಪಾಠ ಹೇಳಿಕೊಡುತ್ತೇನೆ. ರೇಟು ಬಂದಾಗ ಅಟ್ಟದಲ್ಲಿ ಕೊಬ್ಬರಿ ಇರಲ್ಲ, ಕೊಬ್ಬರಿ ಇದ್ದಾಗ ರೇಟು ಇರಲ್ಲ ಅನ್ನುವ ಮಾತು ನಮ್ಮ ಕಡೆ ಜಗಲಿ ಜಗಲಿಯಲ್ಲೂ ಕೇಳುತ್ತದೆ. ನಾನೂ ದಿನಾ ಅದನ್ನೇ ಹೇಳಿಕೊಂಡು ಬದುಕಿದವನು. ಆ ಚಾಳಿ ಬಿಡಲು ಹತ್ತು ವರ್ಷ ಹಿಡಿಯಿತು. ಕಲಿತದ್ದನ್ನು ಕಲಿತ ಕ್ರಮದಲ್ಲೇ ಬರೆಯುತ್ತಿದ್ದೇನೆ.

1. ಗೊಣಗುವವನಿಗೆ ತಾನು ಗೊಣಗುವುದು ಕೇಳಿಸುವುದಿಲ್ಲ. ಒಂದು ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಕೂತವನು ಬದುವಿನ ಜಗಳ, ತಮ್ಮನ ನಡತೆ, ಆಳುಗಳ ಸೋಮಾರಿತನ ಎಲ್ಲವನ್ನೂ ಹೇಳಿದೆ. ಗುರುಗಳು ತಾಳ್ಮೆಯಿಂದ ಕೇಳಿ, “ಇಷ್ಟೂ ಅವರ ಪಾಪ. ನಿಮ್ಮದು ಹೇಳಿ” ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಪ್ರಾಯಶ್ಚಿತ್ತವಾಗಿ ಅವರು ಕೊಟ್ಟದ್ದು ಸಂಖ್ಯಾಕಾಂಡದ 11ನೇ ಅಧ್ಯಾಯ, ಏಳು ದಿನ ಓದಲಿಕ್ಕೆ.

2. ಆ ಅಧ್ಯಾಯದಲ್ಲಿ ಎರಡು ಬಗೆಯ ದೂರುಗಳಿವೆ. ಇದು ನನಗೆ ಹೊಳೆದದ್ದು ಐದನೇ ದಿನ. ಮರುಭೂಮಿಯಲ್ಲಿ ಇಸ್ರಯೇಲರಿಗೆ ದಿನವೂ ಮನ್ನ ಸಿಗುತ್ತಿದೆ. ಆದರೂ ಈಜಿಪ್ಟಿನ ಮೀನು, ಸೌತೆ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಅಳುತ್ತಾರೆ. ಅಲ್ಲಿ ಇಟ್ಟಿಗೆ ಹೊತ್ತದ್ದು, ಬೆನ್ನಿಗೆ ಏಟು ತಿಂದದ್ದು ಯಾರಿಗೂ ನೆನಪಿಲ್ಲ. ಅಳುವುದು ಎಲ್ಲಿ? ತಂತಮ್ಮ ಗುಡಾರದ ಬಾಗಿಲಲ್ಲಿ. ನಮ್ಮೂರ ಜಗಲಿ ಎಂದೇ ಓದಿಕೊಳ್ಳಿ. ಬಾಗಿಲಲ್ಲಿ ಅತ್ತರೆ ಪಕ್ಕದ ಗುಡಾರದವನಿಗೂ ಕೇಳುತ್ತದೆ, ಅವನೂ ಅಳುತ್ತಾನೆ.

ಅದೇ ಅಧ್ಯಾಯದಲ್ಲಿ ಮೋಶೆಯೂ ರೋಸಿಹೋಗಿದ್ದಾನೆ. ಅವನ ಮಾತು ಜನರ ಮಾತಿಗಿಂತ ಖಾರ. ಇವರನ್ನೆಲ್ಲ ಹೆತ್ತವನು ನಾನೇ ಏನು ಅನ್ನುವ ಧಾಟಿಯಲ್ಲಿ ಕೇಳುತ್ತಾನೆ, ಇದಕ್ಕಿಂತ ಸಾವೇ ಮೇಲು ಅನ್ನುವವರೆಗೂ ಹೋಗುತ್ತಾನೆ. ಆದರೆ ನೇರವಾಗಿ ದೇವರಿಗೇ ಹೇಳುತ್ತಾನೆ. ದೇವರು ಅವನನ್ನು ಗದರಲಿಲ್ಲ, ಹೊರೆ ಹಂಚಿಕೊಳ್ಳಲು 70 ಹಿರಿಯರನ್ನು ಕೊಟ್ಟರು. ಕಷ್ಟ ಹೇಳಿಕೊಂಡದ್ದು ತಪ್ಪಲ್ಲ, ಜನ ಹೇಳಿಕೊಂಡ ಜಾಗ ತಪ್ಪು. ನನ್ನ ಹತ್ತು ವರ್ಷದ ದುಡಿಮೆಯೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿದೆ.

3. ದೇವರಿಗೆ ಹೇಳಿದ ಮೇಲೆ ಸರಿಪಡಿಸಬಲ್ಲವರಿಗೂ ಹೇಳಬೇಕು. ಒಂದು ಬೇಸಿಗೆ ನಮ್ಮ ತೋಟಗಳಿಗೆ ಕರೆಂಟು ಕೊಡುವ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಯಿತು. ಎಂಟು ದಿನ ಟೀ ಅಂಗಡಿಯಲ್ಲಿ ಕೂತು ಇಲಾಖೆಯನ್ನು ಬೈದೆವು. ಒಂಬತ್ತನೇ ದಿನ ಮನೆಯಾಕೆ ಕೇಳಿದಳು: “ಅರ್ಜಿ ಕೊಟ್ಟವರು ಯಾರು?” ಯಾರೂ ಕೊಟ್ಟಿರಲಿಲ್ಲ! ಅವತ್ತೇ ಬಿಳಿ ಹಾಳೆಯಲ್ಲಿ ಬರೆದು, ಹನ್ನೊಂದು ಜನರ ಸಹಿ ಹಾಕಿಸಿ, ಕೊಟ್ಟು, ಸ್ವೀಕೃತಿ ತಂದೆ.

ಪೌಲನೂ ಹೀಗೆ ಸರಿಪಡಿಸಬಲ್ಲವರಿಗೇ ಹೇಳಿದವನು. ಗೊಣಗುಟ್ಟಬೇಡಿ ಎಂದು ಫಿಲಿಪ್ಪಿಯವರಿಗೆ ಅವನು ಬರೆದದ್ದು ಸೆರೆಯಲ್ಲಿದ್ದಾಗ. ಅದೇ ಫಿಲಿಪ್ಪಿಯಲ್ಲಿ ಹಿಂದೊಮ್ಮೆ ಅವನೂ ಸೀಲನೂ ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು, ನಡುರಾತ್ರಿ ಸೆರೆಮನೆಯಲ್ಲಿ ಹಾಡಿದ್ದರು. ಹಾಡನ್ನು ಎಲ್ಲರೂ ನೆನೆಯುತ್ತೇವೆ, ಬೆಳಗ್ಗೆ ನಡೆದದ್ದನ್ನು ಮರೆಯುತ್ತೇವೆ. ಸದ್ದಿಲ್ಲದೆ ಹೊರಟುಹೋಗಿ ಎಂದು ಅಧಿಕಾರಿಗಳು ಹೇಳಿಕಳಿಸಿದಾಗ ಪೌಲ ಒಪ್ಪಲಿಲ್ಲ. ರೋಮಿನ ಪೌರರಾದ ನಮ್ಮನ್ನು ವಿಚಾರಣೆಯಿಲ್ಲದೆ ಹೊಡೆಸಿದ್ದೀರಿ, ಅಧಿಕಾರಿಗಳೇ ಬಂದು ಬಿಡಿಸಲಿ ಎಂದು ಪಟ್ಟು ಹಿಡಿದ. ಅವರು ಬಂದರು.

4. ಬರೆದಿಟ್ಟರೆ ಚಾಳಿ ಸಿಕ್ಕಿಬೀಳುತ್ತದೆ. ಬೂದಿ ಬುಧವಾರದಿಂದ ಪಾಸ್ಕದವರೆಗೆ ಒಂದು ನೋಟ್‌ಬುಕ್ ಇಟ್ಟೆ. ಎಡಪುಟದಲ್ಲಿ ಅವತ್ತು ಗೊಣಗಿದ್ದು, ಬಲಪುಟದಲ್ಲಿ ಅವತ್ತು ದೊರೆತದ್ದು. ಮೊದಲ ವಾರ ಬಲಪುಟ ಖಾಲಿ. ಆಮೇಲೆ ಸಣ್ಣಪುಟ್ಟವು ಬಂದವು: ಹಸು ಕರು ಹಾಕಿತು, ಬೋರಿನಲ್ಲಿ ಎರಡಿಂಚು ನೀರು ಉಳಿದಿದೆ, ತಮ್ಮ ಬಂದು ಉಂಡುಹೋದ.

5. ದೊಡ್ಡವರನ್ನೂ ಈ ಎಡಪುಟ ಬಿಟ್ಟಿಲ್ಲ. ಜನ ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದವರು. 1803–04ರಲ್ಲಿ ಅವರ ಮುಂದಾಳತ್ವದಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಬಿತ್ತು. ಹಾಗಿದ್ದೂ 1823ರಲ್ಲಿ ದೇಶ ಬಿಟ್ಟಾಗ ಅವರ ಪತ್ರಗಳ ಪುಸ್ತಕ ಇಲ್ಲಿನ ಸೇವೆ ಫಲಿಸಲಿಲ್ಲವೆಂದೇ ಸಾರಿತು. ಲಸಿಕೆ ಪಡೆದ ಅಷ್ಟೊಂದು ಜನರನ್ನು ಬಲಪುಟದಲ್ಲಿ ಬರೆಯಬಾರದಿತ್ತೇ ಎಂದು ನನಗೆ ಅನಿಸುತ್ತದೆ.

6. ಕೊನೆಯ ಪಾಠಕ್ಕೆ ನಾನು ಬೆಲೆ ತೆತ್ತಿದ್ದೇನೆ. ನನ್ನ ದೊಡ್ಡಮ್ಮನ ಊರು ಶೆಟ್ಟಿಹಳ್ಳಿ. ಅಲ್ಲಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು ಈಗ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನೀರಿಳಿದಾಗ ಒಳಗೆ ನಡೆಯಬಹುದು. ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಆ ಕಮಾನಿನ ಕೆಳಗೆ ದೊಡ್ಡಮ್ಮನ ಮದುವೆಯಾಗಿತ್ತು. ಪ್ರತಿ ಕ್ರಿಸ್ಮಸ್ಸಿಗೂ ಊಟಕ್ಕೆ ಕೂತಾಗ ಅವರು ಮನೆ ಹೋದದ್ದನ್ನು, ಗದ್ದೆ ಹೋದದ್ದನ್ನು ತೆಗೆಯುತ್ತಿದ್ದರು. ಹೊಸದಾಗಿ ಚಾಳಿ ಬಿಟ್ಟಿದ್ದ ನಾನು ಒಮ್ಮೆ, “ಎಷ್ಟು ವರ್ಷ ಅದನ್ನೇ ಗೊಣಗ್ತೀರಿ? ದೇವರ ಮೇಲೆ ನಂಬಿಕೆ ಇಲ್ವಾ?” ಅಂದುಬಿಟ್ಟೆ. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. ಸಾಯುವವರೆಗೂ ನನ್ನೆದುರು ಶೆಟ್ಟಿಹಳ್ಳಿಯ ಮಾತೆತ್ತಲಿಲ್ಲ.

88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ, ಧರ್ಮಸಭೆ ಇವತ್ತಿಗೂ ಪ್ರಾರ್ಥನೆಯಾಗಿ ಹೇಳುತ್ತದೆ. ಉಪದೇಶಿಯಾಗಿ ನನಗದು ಗೊತ್ತಿತ್ತು. ಆದರೂ ದೊಡ್ಡಮ್ಮನ ಬಾಯಿ ಮುಚ್ಚಿಸಿದೆ. ಅವರು ಮಾಡುತ್ತಿದ್ದುದು ಗೊಣಗಾಟವಲ್ಲ, ಅಳು.

ನಿಮ್ಮ ಮನೆಯಲ್ಲೂ ಹಳೆಯ ನಷ್ಟವನ್ನು ಮತ್ತೆ ಮತ್ತೆ ಹೇಳುವ ಹಿರಿಯರಿದ್ದರೆ ದಯವಿಟ್ಟು ವಚನ ಹೇಳಿ ಸುಮ್ಮನಾಗಿಸಬೇಡಿ. ಅವರ ಊರೂ ಹೀಗೆ ಮುಳುಗಿದ್ದರೆ, ಈ ಬೇಸಿಗೆಯಲ್ಲಿ ನೀರಿಳಿದಾಗ ಅವರನ್ನು ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಿ.