ತುಕ್ಕು ಹಿಡಿಯದ ತಂತಿಗೂ ವಯಸ್ಸಾಗುತ್ತದೆ
ಕೋಟೆಡ್ ಗಿಟಾರ್ ತಂತಿ ಬದಲಿಸುವುದು ಯಾವಾಗ, ಹೇಗೆ?

‘ಆರು ತಿಂಗಳಾಯ್ತು ಸರ್, ತಂತಿ ಇನ್ನೂ ಹೊಸದರ ಹಾಗೇ ಇದೆ. ಬದಲಿಸಲೇಬೇಕಾ?’ ಗಿಟಾರ್ ಕಲಿಯುವವರು ಆಗಾಗ ಕೇಳುವ ಪ್ರಶ್ನೆ ಇದು. ಲೇಪನವಿಲ್ಲದ ಮಾಮೂಲಿ ತಂತಿಯಾದರೆ ಈ ಗೊಂದಲವಿಲ್ಲ. ಕೆಲವೇ ವಾರಗಳಲ್ಲಿ ಅದು ಕಪ್ಪಾಗುತ್ತದೆ, ಬೆರಳಿಗೆ ಮಸಿ ಹತ್ತುತ್ತದೆ, ಬೆವರುವ ಕೈಯವರಿಗೆ ತುಕ್ಕಿನ ತರಿಯೂ ಸಿಗುತ್ತದೆ. ಕೋಟೆಡ್ ತಂತಿ ಹಾಗಲ್ಲ. ಹೊರಗೆ ಹೊಳೆಯುತ್ತಿದ್ದರೂ ಒಳಗೆ ದಣಿದಿರುತ್ತದೆ. ಆದ್ದರಿಂದ ಇಲ್ಲಿ ಕಣ್ಣಿಗಿಂತ ಕಿವಿ, ಬೆರಳುಗಳ ಸಾಕ್ಷಿಯೇ ಮುಖ್ಯ.

ಲೇಪನ ಏನನ್ನು ತಡೆಯುತ್ತದೆ?

ಅಕೌಸ್ಟಿಕ್ ಗಿಟಾರಿನ ಆರು ತಂತಿಗಳಲ್ಲಿ ದಪ್ಪನೆಯ ನಾಲ್ಕು ಸುತ್ತು ತಂತಿಗಳು. ಉಕ್ಕಿನ ಒಳತಂತಿಯ ಮೇಲೆ ಕಂಚಿನ ಸಣ್ಣ ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಆ ಸಂದಿಗಳಲ್ಲಿ ಬೆವರು, ಎಣ್ಣೆ, ಚರ್ಮದ ಪುಡಿ ಸೇರಿಕೊಂಡಾಗ ನಾದ ಮಂಕಾಗುತ್ತದೆ. ಇದಕ್ಕೆಂದೇ ತೆಳುವಾದ ಪಾಲಿಮರ್ ಪದರ. ಈ ಬಗೆಯನ್ನು ಮನೆಮಾತಾಗಿಸಿದ್ದು 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಎಲಿಕ್ಸರ್. ಮಳೆಕೋಟಿಗೆ ಬಳಸುವ ಗೋರ್‌-ಟೆಕ್ಸ್ ಬಟ್ಟೆ ತಯಾರಿಸುವ ಅಮೆರಿಕದ ಕಂಪನಿಯದೇ ಈ ತಂತಿ. ಡಾಡಾರಿಯೊ, ಮಾರ್ಟಿನ್ ಮುಂತಾದವರೂ ಈಗ ಇಂಥವನ್ನು ಮಾರುತ್ತಾರೆ.

ಪದರ ತಡೆಯುವುದು ಕೊಳೆಯನ್ನು ಮಾತ್ರ. ಪ್ರತಿ ಸಲ ಒತ್ತಿದಾಗಲೂ ತಂತಿ ಲೋಹದ ಫ್ರೆಟ್ಟಿಗೆ ತಾಗಿ ಸವೆಯುತ್ತದೆ. ಲೈಟ್ ಸೆಟ್ಟಿನ ಆರೂ ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೋ. ಹಗಲೂ ರಾತ್ರಿ ಆ ಬಿಗಿತದಲ್ಲೇ ಇರುವ ಉಕ್ಕು ಸೋಲದೆ ಇರುವುದಿಲ್ಲ.

ಒಂದು ಅಂದಾಜು

ದಿನಕ್ಕೆ ಒಂದು ಗಂಟೆ ನುಡಿಸುವವರಿಗೆ ಮಾಮೂಲಿ ತಂತಿ ಒಂದೆರಡು ತಿಂಗಳು ಬಂದರೆ, ಕೋಟೆಡ್ ತಂತಿ ನಾಲ್ಕರಿಂದ ಆರು ತಿಂಗಳು ಬರುತ್ತದೆ. ವಾರಕ್ಕೊಮ್ಮೆ ಗಿಟಾರ್ ಎತ್ತಿಕೊಳ್ಳುವವರು ವರ್ಷದವರೆಗೂ ತಳ್ಳಬಹುದು. ವಾರವಿಡೀ ಕಾರ್ಯಕ್ರಮ ಕೊಡುವವರಿಗೆ, ರೆಕಾರ್ಡಿಂಗ್ ಇರುವವರಿಗೆ ಈ ಲೆಕ್ಕ ಹೊಂದದು. ಅವರು ಎರಡು ಮೂರು ದಿನ ಮುಂಚೆಯೇ ಹೊಸ ತಂತಿ ಹಾಕಿ, ಹದಕ್ಕೆ ಬರಲು ಬಿಡುವುದು ವಾಸಿ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಅವಧಿ ಇನ್ನಷ್ಟು ಕುಗ್ಗುತ್ತದೆ. ಸುತ್ತಿಲ್ಲದ ಒಂದು, ಎರಡನೇ ತಂತಿಗಳಿಗೆ ಲೇಪನವೇ ಇಲ್ಲದ ಸೆಟ್ಟುಗಳೂ ಇರುವುದರಿಂದ ಅಲ್ಲಿ ಮೊದಲು ಕಲೆ ಕಾಣುವುದು ಈ ಎರಡರಲ್ಲೇ.

ಮೂರು ಪರೀಕ್ಷೆ

ಮೊದಲು ಬೆರಳಿನದು. ಮೊದಲ ಮೂರು ಫ್ರೆಟ್‌ಗಳ ನೇರಕ್ಕೆ ತಂತಿಯ ಅಡಿಭಾಗದಲ್ಲಿ ಉಗುರು ಆಡಿಸಿ. ಕಲಿಯುವವರ ಕಾರ್ಡ್‌ಗಳೆಲ್ಲ ಹೆಚ್ಚಾಗಿ ಅಲ್ಲೇ ಬೀಳುವುದರಿಂದ ತಗ್ಗು ಮೂಡುವುದೂ ಅಲ್ಲೇ. ಉಗುರು ಟಕ್ಕೆಂದು ಸಿಕ್ಕಿಕೊಂಡರೆ ಆ ತಂತಿಯ ಕಾಲ ಮುಗಿದಂತೆ. ಮೂರನೆಯದನ್ನು, ಅಂದರೆ ಜಿ ತಂತಿಯನ್ನು ಮರೆಯದೆ ನೋಡಿ. ಸುತ್ತು ತಂತಿಗಳ ಪೈಕಿ ಅದರ ಒಳ ಉಕ್ಕೇ ತೀರಾ ಸಣ್ಣ.

ಎರಡನೆಯದು ಶ್ರುತಿಯದು. 12ನೇ ಫ್ರೆಟ್ಟಿನ ಮೇಲೆ ಬೆರಳನ್ನು ಒತ್ತದೆ ಸುಮ್ಮನೆ ತಾಗಿಸಿ ಮೀಟಿ ಹಾರ್ಮೋನಿಕ್ ಹೊರಡಿಸಿ. ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಎಂದು ಟ್ಯೂನರ್ ಆ್ಯಪ್ ತೋರಿಸಬೇಕು. ಮೊದಲು ಕೂಡುತ್ತಿದ್ದದ್ದು ಈಗ ಕೂಡುತ್ತಿಲ್ಲವಾದರೆ ತಂತಿ ಒಂದೇ ಸಮನಾಗಿ ಸವೆದಿಲ್ಲ ಎಂದರ್ಥ. ಹೊಸ ತಂತಿ ಹಾಕಿದರೂ ಕೂಡದಿದ್ದರೆ ದೋಷ ಗಿಟಾರಿನದು, ರಿಪೇರಿಯವರಿಗೆ ತೋರಿಸಿ.

ಮೂರನೆಯದು ನಾದದ್ದು. ಹೊಸ ತಂತಿ ಹಾಕಿದ ವಾರ ಮೊಬೈಲಿನಲ್ಲಿ ಒಂದು ಜಿ ಕಾರ್ಡ್ ಧ್ವನಿಮುದ್ರಿಸಿಡಿ, ತಿಂಗಳುಗಳ ನಂತರ ಅದನ್ನೇ ನುಡಿಸಿ ಹೋಲಿಸಿ. ನಾದ ದಿನದಿನಕ್ಕೆ ಒಂದಿಷ್ಟೇ ಇಳಿಯುವುದರಿಂದ ಕಿವಿ ಅದಕ್ಕೆ ಒಗ್ಗಿಹೋಗಿರುತ್ತದೆ. ವ್ಯತ್ಯಾಸ ಗೊತ್ತಾಗುವುದು ಎರಡನ್ನೂ ಒಟ್ಟಿಗೆ ಕೇಳಿದಾಗಲೇ.

ಮೀಟುವ ಜಾಗದಲ್ಲಿ ನೂಲಿನಂಥ ಬಿಳಿ ಎಳೆಗಳು ಎದ್ದರೆ ಗಾಬರಿಯಾಗಬೇಡಿ. ಅದು ಪಿಕ್ಕಿನ ಪೆಟ್ಟಿಗೆ ಸುಲಿದ ಲೇಪನ. ಅದೊಂದೇ ಕಾರಣಕ್ಕೆ ತಂತಿ ಎಸೆಯಬೇಕಿಲ್ಲ. ಎಳೆಗಳನ್ನು ಹಿಡಿದು ಜಗ್ಗಲೂಬೇಡಿ.

ಬದಲಿಸುವ ಕ್ರಮ

ಮೊದಲು ಟ್ಯೂನಿಂಗ್ ಕೀ ತಿರುಗಿಸಿ ಹಳೆಯ ತಂತಿಗಳನ್ನು ಪೂರ್ತಿ ಸಡಿಲಿಸಿ. ಬಿಗಿಯಾಗಿರುವಾಗಲೇ ಕತ್ತರಿಸಿದರೆ ತುದಿ ಮುಖಕ್ಕೆ ಹಾರುತ್ತದೆ. ಬ್ರಿಡ್ಜ್ ಪಿನ್ ಕೀಳಿ, ಫ್ರೆಟ್‌ಬೋರ್ಡ್ ಒರೆಸಿ. ಆರನ್ನೂ ಒಟ್ಟಿಗೆ ತೆಗೆದರೆ ಗಿಟಾರಿಗೆ ಏಟು ಎಂಬ ಹೆದರಿಕೆ ಬೇಡ. ಅರ್ಧ ಗಂಟೆಯಲ್ಲಿ ಏನೂ ಆಗದು.

ಹೊಸ ತಂತಿಯ ಗುಂಡು ತುದಿಯನ್ನು ತೂತಿಗೆ ಇಳಿಸಿ, ಪಿನ್ನಿನ ಗೀರು ತಂತಿಯ ಕಡೆಗೆ ಬರುವಂತೆ ಒತ್ತಿ. ಈಗ ತಂತಿಯನ್ನು ಮೆಲ್ಲಗೆ ಮೇಲಕ್ಕೆ ಎಳೆದರೆ ಗುಂಡು ಒಳಗಿನ ಹಲಗೆಗೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಅವಸರಪಟ್ಟವರ ಪಿನ್ನೇ ಬಿಗಿ ಮಾಡುವಾಗ ಪಟ್ಟೆಂದು ಹಾರುವುದು. ಇನ್ನೊಂದು ತುದಿಯನ್ನು ಕೀಲಿಯ ಕಂಬಕ್ಕೆ ತೂರಿಸಿ ಸುಮಾರು ಐದು ಸೆಂಟಿಮೀಟರ್ ಸಡಿಲ ಬಿಡಿ. ದಪ್ಪ ತಂತಿಗೆ ಎರಡು ಮೂರು, ಸಣ್ಣದಕ್ಕೆ ಮೂರು ನಾಲ್ಕು ಸುತ್ತು ಸಾಕು. ಪ್ರತಿ ಸುತ್ತೂ ಹಿಂದಿನದರ ಕೆಳಗೆ ಕೂರಲಿ.

ಕೋಟೆಡ್ ತಂತಿಯ ವಿಶೇಷ ಎಚ್ಚರಿಕೆ ಎರಡು. ಇಕ್ಕಳದಿಂದ ಹಿಡಿದು ಎಳೆಯಬೇಡಿ, ಪದರ ಹರಿಯುತ್ತದೆ. ಉಳಿದ ತುದಿಯನ್ನು ಶ್ರುತಿ ಮಾಡಿದ ಮೇಲೆಯೇ ಕತ್ತರಿಸಿ; ಅದಕ್ಕೂ ಮುನ್ನ ಅಲ್ಲಿ ಚೂಪಾಗಿ ಬಗ್ಗಿಸಿದರೆ ಸುತ್ತು ಬಿಚ್ಚಿಕೊಳ್ಳುವುದಿಲ್ಲ. ನಂತರ ಪ್ರತಿ ತಂತಿಯನ್ನೂ ನಡುವೆ ಹಿಡಿದು ನಯವಾಗಿ ಮೇಲೆತ್ತಿ ಬಿಡಿ, ಮತ್ತೆ ಶ್ರುತಿ ಮಾಡಿ. ಇಳಿಯುವುದು ನಿಲ್ಲುವವರೆಗೂ ಹೀಗೇ ಮಾಡಿ.

ನುಡಿಸುವ ಮುನ್ನ ಕೈತೊಳೆದು, ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿದರೆ ಸಾಕು. ತಂತಿಗೆಂದು ಮಾರುವ ಎಣ್ಣೆ, ಸ್ಪ್ರೇ ಇದಕ್ಕೆ ಬೇಕಿಲ್ಲ. ಹಾಕಿ ವಾರದೊಳಗೆ ಒಂದು ಕಿತ್ತುಹೋದರೆ ಅದನ್ನಷ್ಟೇ ಬದಲಿಸಿ. ಮೂರು ತಿಂಗಳ ಮೇಲಾಗಿದ್ದರೆ ಇಡೀ ಸೆಟ್ಟನ್ನೇ ಬದಲಿಸಿ, ಇಲ್ಲವಾದರೆ ಹೊಸದೊಂದೇ ಎದ್ದು ಕೇಳುತ್ತದೆ. ಅಂಗಡಿಯಲ್ಲಿ ಒಂದನೇ ತಂತಿ ಬಿಡಿಯಾಗಿ ಸಿಕ್ಕರೆ ಒಂದೆರಡು ಕೊಂಡು ಗಿಟಾರ್ ಚೀಲದಲ್ಲಿ ಹಾಕಿಡಿ.