ಕೆರೆಯಂಗಳ: ವಿಹಾರ ಮತ್ತು ಸಂರಕ್ಷಣೆ

ಪ್ರಾಚೀನರು ಎಣಿಸಿದ ಸಪ್ತಸಂತಾನಗಳಲ್ಲಿ ತಟಾಕವೂ ಒಂದು, ಉಪವನವೂ ಒಂದು. ಸತ್ಪುತ್ರನನ್ನು ಪಡೆಯುವುದು, ಸತ್ಕೃತಿಯನ್ನು ರಚಿಸುವುದು, ದೇವಾಲಯವನ್ನು ನಿರ್ಮಿಸುವುದು ಮೊದಲಾದವುಗಳೊಡನೆ ಕೆರೆ ಕಟ್ಟಿಸುವುದನ್ನೂ ವನ ಬೆಳೆಸುವುದನ್ನೂ ಅವರು ಸಮಪಂಕ್ತಿಯಲ್ಲಿರಿಸಿದರು. ಮಾಡಿದವನು ಗತಿಸಿದ ಮೇಲೂ ಊರಿಗೆ ಫಲ ಕೊಡುವ ಧರ್ಮಕಾರ್ಯಗಳಿವು. ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆ ಕಟ್ಟಿಸಿದ ವೃತ್ತಾಂತವನ್ನು ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ವರ್ಣಿಸಿದ್ದಾನೆ. ಇಂದು ಊರಂಚಿನ ಕೆರೆಯನ್ನು ಉದ್ಯಾನವಾಗಿ ರೂಪಿಸುವಾಗ ಈ ಎರಡು ಸಂತಾನಗಳು ಒಂದೆಡೆ ಕೂಡುತ್ತವೆ. ಅವು ಸಾಮರಸ್ಯದಿಂದ ಕೂಡುವುವೋ ಅಥವಾ ಒಂದು ಇನ್ನೊಂದನ್ನು ನುಂಗುವುದೋ ಎಂಬುದೇ ವಿಚಾರಣೀಯವಾದ ಅಂಶ.

ಕೆರೆಯ ಅಂಗಗಳಿಗೆ ಕನ್ನಡದಲ್ಲಿ ಏರಿ, ತೂಬು, ಕೋಡಿ ಎಂಬ ಹೆಸರುಗಳಿವೆ. ಏರಿಯ ಎದುರು ಬದಿಯಲ್ಲಿ ನೀರು ತೆಳುವಾಗಿ ಹರಡಿ, ಬೇಸಿಗೆಯಲ್ಲಿ ಹಿಂದೆ ಸರಿದು ನೆಲವನ್ನು ಬಿಟ್ಟುಕೊಡುವ ಭಾಗವನ್ನು ಜನ ‘ಕೆರೆಯಂಗಳ’ ಎಂದರು. ಈ ಮಾತಿನಲ್ಲಿ ಆಳವಾದ ತಿಳಿವಳಿಕೆಯಿದೆ. ಮನೆಯ ಬಾಳುವೆ ಅಂಗಳದಲ್ಲಿ ಕಾಣುವಂತೆ ಕೆರೆಯ ಬಾಳುವೆಯೂ ಇಲ್ಲಿಯೇ ಕಾಣುವುದು. ಬಣ್ಣದ ಕೊಕ್ಕರೆಯೂ ಬೆಳ್ಳಕ್ಕಿಯೂ ನಡೆದು ಮೇಯಬಲ್ಲುದು ಕಾಲು ಮುಳುಗುವಷ್ಟು ನೀರಿನಲ್ಲಿ ಮಾತ್ರ. ಗುಳುಮುಳುಕ ಹಕ್ಕಿಯು ತೇಲುವ ಗೂಡನ್ನು ಕಟ್ಟುವುದು ನೀರುಸಸ್ಯಗಳ ನಡುವೆ. ಮೀನಿನ ಮರಿಗಳಿಗೆ ಆಸರೆಯೂ ಅಲ್ಲಿಯೇ. ಆಪು ಮೊದಲಾದ ಜಂಬುಹುಲ್ಲುಗಳು ಹರಿದು ಬರುವ ಮಣ್ಣನ್ನು ತಡೆದು, ನೀರಿನಲ್ಲಿ ಕರಗಿದ ಲವಣಗಳನ್ನು ಹೀರುತ್ತವೆ. ಇಂದಿನ ವಿಜ್ಞಾನವು ಜೌಗುಭೂಮಿಯೆಂದು ಕರೆಯುವುದರಲ್ಲಿ ಈ ಅಂಗಳವೇ ಪ್ರಧಾನವಾದುದು.

ಉದ್ಯಾನ ನಿರ್ಮಾಣದಲ್ಲಿ ಸಾಮಾನ್ಯವಾಗಿ ಮೊದಲು ಅಳಿಯುವುದೂ ಇದೇ. ಸುತ್ತಲೂ ಕಲ್ಲಿನ ದಂಡೆ, ದಂಡೆಯ ಮೇಲೆ ಕಾಲುದಾರಿ, ದಾರಿಯುದ್ದಕ್ಕೂ ದೀಪಗಳು ಬಂದೊಡನೆ ಕೆರೆಯು ತೊಟ್ಟಿಯಾಗಿ ಮಾರ್ಪಡುತ್ತದೆ. ಎರಡನೆಯ ಕೇಡು ಚರಂಡಿಯ ನೀರಿನಿಂದ. ಅದರೊಡನೆ ಬರುವ ಸಾಬೂನಿನ ಹಾಗೂ ಮಲದ ಸಾರದಿಂದ ಪಾಚಿ ಮಿತಿಮೀರಿ ಬೆಳೆಯುವುದು. ಅದು ಕೊಳೆಯುವಾಗ ನೀರಿನ ಪ್ರಾಣವಾಯು ವ್ಯಯವಾಗಿ ಮೀನುಗಳು ಸಾಯುವುವು. ಮೀನಿಲ್ಲದಲ್ಲಿ ಹಕ್ಕಿ ನಿಲ್ಲದು.

ಇವೆರಡು ಕೇಡುಗಳಿಂದ ಪಾರಾದ ನಿದರ್ಶನವೊಂದು ಮೈಸೂರಿನಲ್ಲಿದೆ. ಚಾಮುಂಡಿ ಬೆಟ್ಟದ ತಪ್ಪಲಿನ ಕಾರಂಜಿ ಕೆರೆಯು ಒಟ್ಟು ಸುಮಾರು 90 ಹೆಕ್ಟೇರಿನಷ್ಟಿದ್ದು, ಅದರಲ್ಲಿ ಜಲಪ್ರದೇಶ ಸುಮಾರು 55 ಹೆಕ್ಟೇರು, ಉಳಿದುದು ಅಂಗಳ. 1976ರಲ್ಲಿ ಅದು ಮೃಗಾಲಯದ ಆಡಳಿತಕ್ಕೆ ಸೇರಿತು. ಮುಂದೆ ಕಾಲುವೆಗಳು ಕಟ್ಟಿಕೊಂಡು, ಹೊಲಸು ನೀರು ನುಗ್ಗಿ ಕೆರೆಯು ಕೆಟ್ಟಾಗ ಹಕ್ಕಿಗಳೂ ವಿರಳವಾದವು. ಜೀರ್ಣೋದ್ಧಾರವಾದ ಬಳಿಕ ಅಲ್ಲಿ ದೋಣಿವಿಹಾರವಿದೆ, ಚಿಟ್ಟೆಗಳ ಉದ್ಯಾನವಿದೆ, ಜನರು ಒಳಹೊಕ್ಕು ನೋಡಬಹುದಾದ ವಿಶಾಲ ಪಕ್ಷಿಗೃಹವಿದೆ. ಕೆರೆಯ ನಡುವಣ ನಡುಗಡ್ಡೆಗಳ ಮರಗಳು ಹಕ್ಕಿಗಳ ಪಾಲಿಗಿವೆ. ಮಕ್ಕಳು ದೋಣಿಯಲ್ಲಿರುವಾಗಲೇ ಹೆಜ್ಜಾರ್ಲೆಯೂ ನೀರುಕಾಗೆಯೂ ಅಲ್ಲಿ ನೆಲೆಸುತ್ತವೆ. ಮೊದಲು ನೀರು, ಅನಂತರ ದೋಣಿ ಎಂಬ ಕ್ರಮವನ್ನು ಈ ಕೆರೆಯಿಂದ ಕಲಿಯಬೇಕು.

ಮನುಷ್ಯನು ಕಟ್ಟಿದ ಕೆರೆಯು ನಿಸರ್ಗದ ಜೌಗುಭೂಮಿಗೆ ಸಮವಾಗಲಾರದೆಂಬ ಶಂಕೆ ಬೇಡ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ಅಂಗೀಕೃತವಾದ ಒಪ್ಪಂದಕ್ಕೆ ಭಾರತವು 1982ರಲ್ಲಿ ಸೇರಿತು. ಆ ಪಟ್ಟಿಗೆ 2024ರಲ್ಲಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ನೀರಾವರಿಗಾಗಿ ಜನರು ಕಟ್ಟಿದವು. ಮಾಗಡಿಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಆದರೆ ಭಾರತದ 2017ರ ಜೌಗುಭೂಮಿ ನಿಯಮಗಳು ನೀರಾವರಿಗೂ ಕುಡಿಯುವ ನೀರಿಗೂ ವಿಹಾರಕ್ಕೂ ನಿರ್ಮಿಸಿದ ಜಲಾಶಯಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಆದುದರಿಂದ ಊರ ಕೆರೆಗೆ ಊರವರ ಎಚ್ಚರವೇ ಮೊದಲ ರಕ್ಷಣೆ.

ಕಲಬುರಗಿ ಜಿಲ್ಲೆಗೆ ಈ ವಿಚಾರವು ದೂರದ್ದಲ್ಲ. ಜಿಲ್ಲಾಕೇಂದ್ರದ ಅಪ್ಪನ ಕೆರೆಯ ದಂಡೆಯ ಉದ್ಯಾನವನ್ನು ಬಲ್ಲವರು ಬಹಳ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅದರೊಳಗಿನ ಚಂದ್ರಂಪಳ್ಳಿ ಜಲಾಶಯವು ವಿಹಾರಿಗಳಿಗೂ ವನ್ಯಪ್ರಾಣಿಗಳಿಗೂ ಸಮಾನವಾದ ಆಸರೆ. ಆದರೆ ಕಾಗಿಣೆಯ ಇಕ್ಕೆಲಗಳ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸೀಮೆಯಲ್ಲಿ ಸಮಸ್ಯೆ ಬೇರೆ ರೂಪದ್ದು. ಹಾಸುಗಲ್ಲಿಗಾಗಿಯೂ ಸಿಮೆಂಟಿನ ಸುಣ್ಣಗಲ್ಲಿಗಾಗಿಯೂ ತೋಡಿದ ಗಣಿಗಳಲ್ಲಿ ಮಳೆನೀರು ನಿಲ್ಲುತ್ತದೆ. ನೋಡಲು ತಿಳಿಗೊಳದಂತಿದ್ದರೂ ಅದಕ್ಕೆ ಅಂಗಳವಿಲ್ಲ. ಗೋಡೆಯಂತೆ ಕಡಿದ ಕಲ್ಲು ನೇರವಾಗಿ ಆಳಕ್ಕಿಳಿಯುತ್ತದೆ. ಕೊಕ್ಕರೆಗೆ ಕಾಲಿಡಲು ತಾಣವಿಲ್ಲದ ಆ ನೀರಿನಲ್ಲಿ ಈಜಲಿಳಿದ ಬಾಲಕನಿಗೆ ಹಿಡಿದು ಏರಲು ಮೆಟ್ಟಿಲೂ ಇಲ್ಲ. ಹಕ್ಕಿಯನ್ನು ದೂರವಿಡುವ ಕೊರತೆಯೇ ಮಗುವಿನ ಪ್ರಾಣಕ್ಕೂ ಎರವಾಗುವುದು. ಕಲ್ಲು ತೆಗೆದು ಮುಗಿದ ಗಣಿಯೊಂದರ ಒಂದು ಮಗ್ಗುಲನ್ನು ಇಳಿಜಾರಾಗಿ ತಗ್ಗಿಸಿ, ಮೇಲ್ಮಣ್ಣು ಹರಡಿ, ಆಪನ್ನು ಬೆಳೆಯಗೊಟ್ಟು, ಆಳದ ಭಾಗಕ್ಕೆ ಬೇಲಿ ಹಾಕಿದರೆ ಆ ಹೊಂಡಕ್ಕೂ ಅಂಗಳವೊದಗುವುದು. ಅನಂತರ ಒಂದು ದಂಡೆ ಜನರಿಗೆ, ಉಳಿದ ದಂಡೆಗಳು ಹಕ್ಕಿಗಳಿಗೆ ಎಂಬ ಪಾಲು ನ್ಯಾಯವಾದೀತು.

ಶಾಲೆಗಳಿಗೂ ಇಲ್ಲಿ ಕರ್ತವ್ಯವಿದೆ. ಏಷ್ಯಾದ ನೀರುಹಕ್ಕಿಗಳ ಗಣತಿಯು 1987ರಿಂದ ಪ್ರತಿ ಜನವರಿಯಲ್ಲಿ ನಡೆದುಬಂದಿದೆ. ಉಪಾಧ್ಯಾಯರು ಅದೇ ಮಾಸದಲ್ಲಿ ವಿದ್ಯಾರ್ಥಿಗಳನ್ನು ಸಮೀಪದ ಕೆರೆಗೆ ಕರೆದೊಯ್ದು, ಕಂಡ ಹಕ್ಕಿಗಳನ್ನು ಒಂದು ವಹಿಯಲ್ಲಿ ವರ್ಷವರ್ಷವೂ ಬರೆಯಿಸಿದರೆ ಕೆರೆಯ ಆರೋಗ್ಯಕ್ಕೆ ಅದಕ್ಕಿಂತ ನಂಬಲರ್ಹವಾದ ಜಾತಕ ಬೇಕಿಲ್ಲ.

ದಾನಿಗಳ ವಿಚಾರವೂ ಒಂದಿದೆ. ಉದ್ಯಾನದ ಕಮಾನಿನ ಮೇಲೆ ದಾತನ ಹೆಸರನ್ನು ಕೆತ್ತಿಸಬಹುದು. ಹೂಳು ತೆಗೆದ ಕಾಲುವೆಯ ಮೇಲೆ ಕೆತ್ತಿಸಲಾಗದು. ಆದರೂ ಕೆರೆ ಬದುಕುವುದು ಕಮಾನಿನಿಂದಲ್ಲ, ಕಾಲುವೆಯಿಂದ. ಹೆಸರು ಕಾಣದ ಆ ಕಾಲುವೆಗೆ ಕೊಟ್ಟ ಹಣವೇ ತಟಾಕಸಂತಾನದ ನಿಜವಾದ ದಾನ.