ರಂಗಮಂದಿರದ ಕರೆಂಟು ಬಿಲ್ಲು

ತಮ್ಮಾ, ನಿನ್ನ ಅಜ್ಜನ, ಅಂದರೆ ನಮ್ಮ ಅಪ್ಪಯ್ಯನ ನೆನಪಿಗೆ ಊರಿನ ರಂಗಮಂದಿರಕ್ಕೆ ಏನಾದರೂ ಕೊಡಬೇಕೆಂದು ನೀನು ಹೇಳಿದ್ದು ಕೇಳಿ ಬಹಳ ಸಂತೋಷವಾಯಿತು. ಎದುರಿಗೆ ಕಮಾನು ಕಟ್ಟಿಸಿ ಹೆಸರು ಕೆತ್ತಿಸಿದರೆ ಹೇಗೆ ಅಂತಲೂ ಕೇಳಿದೆಯಲ್ಲ, ಅದಕ್ಕೆ ಕೈ ಹಾಕುವ ಮೊದಲು ನನ್ನ ನಾಲ್ಕು ಮಾತು ಕೇಳಿಬಿಡು.

ರಂಗಮಂದಿರ ಕಟ್ಟುವುದಕ್ಕೆ ದುಡ್ಡು ಹೇಗೋ ಹುಟ್ಟುತ್ತದೆ. ಅನುದಾನ ಬರುತ್ತದೆ, ದಾನಿಗಳು ಸಿಗುತ್ತಾರೆ, ಶಿಲಾನ್ಯಾಸಕ್ಕೂ ಉದ್ಘಾಟನೆಗೂ ಜನ ಸೇರುತ್ತಾರೆ. ಹಸು ಕೊಡಿಸಿದವರು ಹುಲ್ಲಿನ ಸುದ್ದಿ ಎತ್ತದಿದ್ದರೆ ಏನಾಗುತ್ತದೋ ಅದೇ ಆಮೇಲೆ ಆಗುತ್ತದೆ. ನಮ್ಮ ಮಲೆನಾಡಿನ ಮಳೆ ನಿನಗೆ ಗೊತ್ತು. ಆಟಿ ತಿಂಗಳು ಕಳೆಯುವಷ್ಟರಲ್ಲಿ ಪರದೆಗೆ ಬೂಷ್ಟು ಹಿಡಿದಿರುತ್ತದೆ, ವೇದಿಕೆಯ ಹಲಗೆಗೆ ಗೆದ್ದಲು ಹತ್ತಿರುತ್ತದೆ, ಮಂಗ ಒಡೆದ ಹಂಚಿನಿಂದ ನೀರು ಇಳಿದು ಲೈಟಿನ ಡಿಮ್ಮರ್ ಹಾಳಾಗಿರುತ್ತದೆ. ಇಲಿ ಕಡಿದ ಕೇಬಲ್ಲಿಗೆ ಟೇಪು ಸುತ್ತಿ ನಾಟಕ ಆಡಿಸುವುದು ಜೀವಕ್ಕೇ ಅಪಾಯ. ಬಾಗಿಲು ತೆಗೆದು ಕಸ ಗುಡಿಸುವವನಿಗೆ ತಿಂಗಳ ಸಂಬಳ ಬೇಕು. ಯಾರು ನೋಡಲಿ ಬಿಡಲಿ, ಕರೆಂಟು ಬಿಲ್ಲಂತೂ ಬಂದೇ ಬರುತ್ತದೆ. ಇದಕ್ಕೆಲ್ಲ ದುಡ್ಡಿಲ್ಲದಾಗ ಸಮಿತಿಯವರು ಮಾಡುವುದೇನು? ಮದುವೆಗೆ ಬಾಡಿಗೆ ಕೊಡುತ್ತಾರೆ. ಅವರದು ತಪ್ಪು ಅನ್ನಲಾರೆ. ಆದರೆ ನಾಟಕಕ್ಕೆ ಹದವಾದ ಬೇಸಿಗೆಯೇ ಮದುವೆಯ ಮುಹೂರ್ತದ ಕಾಲ. ಕಲಿಯುವ ಮಕ್ಕಳಿಗೆ ರಜೆ ಇರುವ ದಿನಗಳಲ್ಲೇ ವೇದಿಕೆ ಸಿಗದೆ ಹೋಗುತ್ತದೆ.

ಆದ್ದರಿಂದ ಕಮಾನಿಗೆ ಇಟ್ಟ ದುಡ್ಡನ್ನು ಒಂದೇ ಸಲಕ್ಕೆ ಸುರಿಯಬೇಡ. ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಹಂಚಿ, ವರ್ಷವರ್ಷವೂ ನಿಗದಿಯಾದ ತಿಂಗಳಲ್ಲಿ ಕೊಡು. 'ನಿರ್ವಹಣೆಯ ಖರ್ಚಿಗೆ' ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆ. ಬರುವುದು ಖಾತ್ರಿಯಿದ್ದರೆ ಸಣ್ಣ ಮೊತ್ತವನ್ನು ನಂಬಿಕೊಂಡೂ ಸಮಿತಿ ಮುಂದಿನ ವರ್ಷದ ನಾಟಕೋತ್ಸವಕ್ಕೆ ಈಗಲೇ ತಂಡಗಳಿಗೆ ಮಾತು ಕೊಡಬಹುದು. ನನ್ನ ಮಟ್ಟಿಗೆ ದಾನದ ತೂಕ ಇರುವುದು ಅಲ್ಲಿ.

ಈ ಕ್ರಮ ನಮ್ಮಲ್ಲಿ ಹೊಸದೇನಲ್ಲ. ಕರಾವಳಿಯ ಯಕ್ಷಗಾನದ ಹರಕೆ ಆಟಗಳನ್ನೇ ನೋಡು. ಕಟೀಲು ಮೇಳದ ಆಟ ಆಡಿಸಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಒಂದೇ ಮೇಳ ಸಾಲದೆ ಅಲ್ಲಿ ಹಲವು ಮೇಳಗಳು ಏಕಕಾಲಕ್ಕೆ ತಿರುಗಾಟ ಮಾಡುತ್ತವೆ. ಮೇಳದ ಖರ್ಚನ್ನು ಆಟ ಆಡಿಸುವ ಮನೆಯವರು ಕೊಡುತ್ತಾರೆ, ಬಂದವರಿಗೆ ಊಟ ಹಾಕುತ್ತಾರೆ. ನೋಡುವವರಿಗೆ ಟಿಕೆಟ್ಟಿಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾದಾಗ ಮನೆಯವರು ಪ್ರಸಾದ ತೆಗೆದುಕೊಂಡು ಹೊರಗೆ ಬಂದು ಊರವರ ಜೊತೆ ಕುಳಿತು ನೋಡುತ್ತಾರೆ. ಯಾವ ಪ್ರಸಂಗ ಬೇಕೆಂದು ಅವರು ಕೇಳಬಹುದು. ಪದ್ಯ ಹೇಗೆ ಹೇಳಬೇಕೆಂದು ಭಾಗವತರಿಗೆ ಕಲಿಸಲು ಹೋಗುವುದಿಲ್ಲ. ಕಟೀಲು ದೇವಿಯ ಮೇಲಿನ ಭಕ್ತಿಯಿಂದ ಕೊಡುವ ದುಡ್ಡು ಅದು, ನಿಜ. ಆದರೆ ಆ ಭಕ್ತಿಯಿಂದಲೇ ವೇಷಧಾರಿಗೂ ಚೆಂಡೆಯವನಿಗೂ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ರಾತ್ರಿ ರಾತ್ರಿಯೂ ಕೆಲಸ ಗ್ಯಾರಂಟಿಯಾಯಿತು. ಟಿಕೆಟ್ಟನ್ನೇ ನಂಬಿದ ಎಷ್ಟೋ ಡೇರೆ ಮೇಳಗಳು ನಿಂತುಹೋದರೂ ಬಯಲಾಟದ ಮೇಳಗಳು ಉಳಿದಿರುವುದರ ಹಿಂದೆ ಹೀಗೆ ವರ್ಷಾನುಗಟ್ಟಲೆ ಕೊಡುತ್ತ ಬಂದ ಸಾವಿರಾರು ಮನೆಗಳಿವೆ.

ಇನ್ನು ಹೆಗ್ಗೋಡು. ಅಲ್ಲಿನ ನೀನಾಸಂ 1949ರಲ್ಲಿ ಹುಟ್ಟಿದಾಗ ಅದು ಅಡಿಕೆ ಬೆಳೆಯುವ ಹಳ್ಳಿಯ ಹವ್ಯಾಸಿಗಳ ಸಂಘ. 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ 'ತಿರುಗಾಟ' ಹೊರಟಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದನ್ನು ಎಲ್ಲರೂ ಹೇಳುತ್ತಾರೆ. ತಿರುಗಾಟದ ತಂಡ ಊರೂರಿಗೆ ಹೋದಾಗ ಅವರಿಗೆ ಊಟ, ವಸತಿ, ವೇದಿಕೆ ಹೊಂದಿಸಿ, ಟಿಕೆಟ್ ಹಂಚಿಕೊಂಡು ತಿರುಗುವ ಸ್ಥಳೀಯರ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ. ಶಾಲೆಯ ಮೇಷ್ಟ್ರು, ಬ್ಯಾಂಕಿನ ಗುಮಾಸ್ತ, ಔಷಧಿ ಅಂಗಡಿಯವರು, ಇಂಥವರೇ. ನನಗೆ ಅವರ ಮೇಲೆ ಬಹಳ ಗೌರವ. ನಮ್ಮೂರಿಗೆ ಅಂಥ ತಂಡವೊಂದು ಬರುವ ವರ್ಷ, ಒಂದು ದಿನದ ಖರ್ಚು ಅಪ್ಪಯ್ಯನ ಹೆಸರಿನಲ್ಲಿ ಆಗಲಿ. ಕಮಾನಿಗಿಂತ ಅದು ಅವರಿಗೆ ಒಪ್ಪುತ್ತದೆ.

ಕೊಟ್ಟ ಮೇಲೆ ಇಂಥ ನಾಟಕ ಬೇಡ, ಇಂಥವರನ್ನು ಕರೆಯಬೇಡಿ ಅನ್ನುವ ಮಾತು ನಿನ್ನ ಬಾಯಲ್ಲಿ ಬರಬಾರದು. ನಿನಗೆ ಹಿಡಿಸದ ನಾಟಕವೂ ಆ ವೇದಿಕೆಯ ಮೇಲೆ ಬರಲಿ. ಲೆಕ್ಕ ಕೇಳುವುದು ಬೇರೆ ವಿಷಯ. ಆಡಿಟ್ ಆದ ವಾರ್ಷಿಕ ಲೆಕ್ಕಪತ್ರವನ್ನು ಪ್ರತಿ ವರ್ಷ ಕೇಳು, ದಾಕ್ಷಿಣ್ಯ ಪಡಬೇಡ. ಪ್ರಾಮಾಣಿಕ ಕಾರ್ಯದರ್ಶಿಗೆ ಅದರಿಂದ ಬೇಸರವಾಗುವುದಿಲ್ಲ.

ದುಡ್ಡನ್ನು ಬ್ಯಾಂಕಿನ ಮೂಲಕವೇ ಕಳಿಸು. ಸಂಘದ ದೇಣಿಗೆಗಳಿಗೆ ತೆರಿಗೆ ಇಲಾಖೆಯ ಮಾನ್ಯತೆ ಇದ್ದು, ನೀನು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ಮಿತಿಯೊಳಗೆ ಸಾಮಾನ್ಯವಾಗಿ ಅರ್ಧದಷ್ಟಕ್ಕೆ ವಿನಾಯಿತಿ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ. ನಿಮ್ಮ ಕಂಪನಿಯಲ್ಲೂ ವಿಚಾರಿಸು: 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು, ಕಲೆ ಮತ್ತು ಸಂಸ್ಕೃತಿಯೂ ಆ ಪಟ್ಟಿಯಲ್ಲಿದೆ. ನೌಕರ ಕೊಟ್ಟಷ್ಟೇ ತಾನೂ ಸೇರಿಸಿ ಕೊಡುವ ಕಂಪನಿಗಳೂ ಇವೆ. ಅಮೆರಿಕದಲ್ಲಿರುವ ನಿನ್ನ ಅಕ್ಕನೂ ಕೊಡುತ್ತೇನೆಂದರೆ ಒಂದು ಎಚ್ಚರಿಕೆ ಹೇಳು. ಅವಳು ಭಾರತದ ಪ್ರಜೆಯಾಗಿಯೇ ಇದ್ದರೆ ತನ್ನ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳಿಸಬಹುದು. ಆ ದೇಶದ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ ಎನಿಸುತ್ತದೆ, ಅದಕ್ಕೆ ಬೇಕಾದ ಎಫ್‌ಸಿಆರ್‌ಎ ಅನುಮತಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಒಳ್ಳೆಯ ಮನಸ್ಸಿನಿಂದ ಕೊಟ್ಟ ದುಡ್ಡು ಸಂಘಕ್ಕೆ ಕೇಸಾಗಿ ಸುತ್ತಿಕೊಳ್ಳಬಾರದು.

ಚೆನ್ನಾಗಿ ನಡೆಯುವ ರಂಗಮಂದಿರ ನೋಡಬೇಕಿದ್ದರೆ, ನೀನಿರುವ ಬೆಂಗಳೂರಿನಲ್ಲೇ ರಂಗಶಂಕರ ಇದೆ. ನಟ ಶಂಕರ್ ನಾಗ್ ಅವರ ನೆನಪಿಗಾಗಿ ಅರುಂಧತಿ ನಾಗ್ ಮತ್ತು ಗೆಳೆಯರು ವರ್ಷಗಟ್ಟಲೆ ಓಡಾಡಿ ಕಟ್ಟಿ, 2004ರಲ್ಲಿ ಬಾಗಿಲು ತೆರೆದದ್ದು. ತಂಡಗಳಿಗೆ ಬಾಡಿಗೆ ಕಡಿಮೆ ಇಟ್ಟು ದಿನಕ್ಕೊಂದು ನಾಟಕ ನಡೆಯಬೇಕೆಂಬ ಹಟ ಅವರದು. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಒಂದು ಸಂಜೆ ಹೋಗಿ ನೋಡು, ಶಿಸ್ತು ಇರುವ ರಂಗಮಂದಿರ ಹೇಗೆ ನಡೆಯುತ್ತದೆಂದು ಗೊತ್ತಾಗುತ್ತದೆ. ಊರಿಗೆ ಬಂದಾಗ ಅದನ್ನು ನಮ್ಮ ಕಾರ್ಯದರ್ಶಿಯವರಿಗೂ ಹೇಳು.

ಕಡೆಯದಾಗಿ ಇನ್ನೊಂದು. ದಾನಿಯೆಂದು ಮುಂದಿನ ಸಾಲಿನ ಪಾಸು ಕೊಡಲು ಬಂದರೆ ತೆಗೆದುಕೊಳ್ಳಬೇಡ. ಕೌಂಟರಿನಲ್ಲಿ ಎಲ್ಲರಿಗೂ ಟಿಕೆಟ್ ಕೊಂಡು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಾ. ಯುಗಾದಿಯ ಹೊತ್ತಿಗೆ ಉತ್ಸವ ಮಾಡುವ ಯೋಚನೆ ಸಮಿತಿಯವರಿಗಿದೆ. ದಿನ ಗೊತ್ತಾದ ಕೂಡಲೆ ಫೋನ್ ಮಾಡುತ್ತೇನೆ, ರಜೆ ಹಾಕಿಡು.